ಅಲರ್ಜಿಗೆ ಹೆಸರಿಟ್ಟ ಡಾಕ್ಟರು

ಮಕ್ಕಳೇ, ನಿಮ್ಮ ಮನೆಯಲ್ಲಿ ನಾಯಿ ಇದೆಯೇ? ಇಲ್ಲದಿದ್ದರೆ ಪಕ್ಕದ ಮನೆಯಲ್ಲಾದರೂ ಇರಬಹುದು. ಅದು ಮೂಲೆಯಲ್ಲಿ ಮಲಗಿ ಮುಂಗಾಲನ್ನು ಒಂದೇ ಸಮನೆ ನೆಕ್ಕುವುದನ್ನು ಗಮನಿಸಿದ್ದೀರಾ? ಆಗೊಮ್ಮೆ ಈಗೊಮ್ಮೆ ನೆಕ್ಕಿದರೆ ಅದು ಮೈ ಶುಚಿ ಮಾಡಿಕೊಳ್ಳುತ್ತಿದೆ ಎನ್ನೋಣ. ಆದರೆ ಗಂಟೆಗಟ್ಟಲೆ ನೆಕ್ಕಿ, ಕಚ್ಚಿ, ಬೆರಳುಗಳ ಸಂದು ಕೆಂಪಾಗಿದ್ದರೆ? ಬಿಳಿಯ ಕೂದಲು ತುಕ್ಕು ಹಿಡಿದ ಬಣ್ಣಕ್ಕೆ ತಿರುಗಿದ್ದರೆ? ಆ ಬಣ್ಣ ರಕ್ತದ್ದಲ್ಲ, ನಾಯಿಯ ಜೊಲ್ಲಿನಲ್ಲಿರುವ ಒಂದು ವರ್ಣದ್ರವ್ಯದ್ದು. ಪಶುವೈದ್ಯರ ಬಳಿಗೆ ಕರೆದೊಯ್ದರೆ ಅವರು ಕಾಲನ್ನು ಬಿಡಿಸಿ ನೋಡಿ, ಇದು ಅಲರ್ಜಿ ಇರಬಹುದು ಎನ್ನುತ್ತಾರೆ.

ಅಲರ್ಜಿ ಎಂಬ ಈ ಪದ ಈಗ ಎಲ್ಲರ ಬಾಯಲ್ಲೂ ಇದೆ. ಆದರೆ 1906ಕ್ಕೆ ಮೊದಲು ಇಂಥ ಪದವೇ ಇರಲಿಲ್ಲ! ಅದನ್ನು ಹುಟ್ಟುಹಾಕಿದವರು ಮಕ್ಕಳ ವೈದ್ಯರಾದ ಕ್ಲೆಮೆನ್ಸ್ ಫಾನ್ ಪಿರ್ಕೆ. ಬನ್ನಿ, ಅವರ ಕಥೆ ಕೇಳೋಣ. ನಾಯಿಯ ಕಾಲಿನ ವಿಷಯಕ್ಕೆ ಆಮೇಲೆ ಬರೋಣ.

ಪಿರ್ಕೆ ಹುಟ್ಟಿದ್ದು 1874ರ ಮೇ 12ರಂದು, ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಬಳಿಯ ಹಿರ್ಷ್‌ಸ್ಟೆಟನ್ ಎಂಬಲ್ಲಿ. ಸಿರಿವಂತ ಮನೆತನ. ಮೊದಲು ಅವರು ಧರ್ಮಶಾಸ್ತ್ರ ಓದಿದರು, ನಂತರ ತತ್ತ್ವಶಾಸ್ತ್ರ. ಎರಡನ್ನೂ ಬಿಟ್ಟು ವೈದ್ಯಶಾಸ್ತ್ರಕ್ಕೆ ಬಂದರು. 1900ರಲ್ಲಿ ಗ್ರಾಜ್ ನಗರದಲ್ಲಿ ವೈದ್ಯ ಪದವಿ ಪಡೆದು, ವಿಯೆನ್ನಾದ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು.

ಆ ಕಾಲದ ಮಕ್ಕಳ ಆಸ್ಪತ್ರೆ ಹೇಗಿತ್ತು ಗೊತ್ತೇ? ಗಂಟಲುಮಾರಿ ಬಂದ ಮಕ್ಕಳು ಉಸಿರು ಕಟ್ಟಿ ಸಾಯುತ್ತಿದ್ದರು. ಇಂದು ನಿಮಗೆಲ್ಲ ಎಳವೆಯಲ್ಲೇ ಲಸಿಕೆ ಹಾಕಿಸುವುದರಿಂದ ಈ ರೋಗದ ಹೆಸರೂ ಅಪರೂಪವಾಗಿದೆ. ಆಗ ಲಸಿಕೆ ಇರಲಿಲ್ಲ. ಆದರೆ ಜರ್ಮನಿಯ ಎಮಿಲ್ ಫಾನ್ ಬೇರಿಂಗ್ ಮತ್ತು ಸಂಗಡಿಗರು 1890ರ ದಶಕದಲ್ಲಿ ಒಂದು ಮದ್ದು ಕಂಡುಹಿಡಿದಿದ್ದರು. ಕುದುರೆಗೆ ರೋಗಾಣುವಿನ ವಿಷವನ್ನು ಸ್ವಲ್ಪ ಸ್ವಲ್ಪವೇ ಚುಚ್ಚಿದರೆ ಅದರ ರಕ್ತದಲ್ಲಿ ವಿಷವನ್ನು ಎದುರಿಸುವ ಪ್ರತಿಕಾಯಗಳು ಹುಟ್ಟುತ್ತವೆ. ಆ ರಕ್ತದ ತಿಳಿಯಾದ ಭಾಗವೇ ಸೀರಮ್. ಅದನ್ನು ಮಗುವಿಗೆ ಚುಚ್ಚಿದರೆ ಮಗು ಬದುಕುತ್ತಿತ್ತು.

ಆದರೆ ಒಂದು ಒಗಟು ಎದುರಾಯಿತು. ಸೀರಮ್ ಪಡೆದು ಗುಣಮುಖವಾದ ಮಗುವಿಗೆ ಒಂದೆರಡು ವಾರದಲ್ಲಿ ಮತ್ತೆ ಜ್ವರ ಬರುತ್ತಿತ್ತು! ಮೈತುಂಬ ದದ್ದು, ಕೀಲುನೋವು, ಊದಿಕೊಂಡ ಗ್ರಂಥಿಗಳು. ಜೀವ ಉಳಿಸಿದ ಮದ್ದೇ ಕಾಯಿಲೆ ತರುವುದೇ? ಮದ್ದು ಕೊಡದಿದ್ದರೆ ಸಾವು, ಕೊಟ್ಟರೆ ಈ ತೊಂದರೆ. ಹಾಸಿಗೆಯ ಪಕ್ಕ ನಿಂತ ತಾಯಿಗೆ ಏನೆಂದು ಹೇಳುವುದು?

ಪಿರ್ಕೆ ಮತ್ತು ಅವರ ಗೆಳೆಯ ಬೇಲಾ ಶಿಕ್ ಇದರ ಬೆನ್ನುಹತ್ತಿದರು. ಅವರ ಬಳಿ ದೊಡ್ಡ ಯಂತ್ರಗಳೇನೂ ಇರಲಿಲ್ಲ. ಅವರು ಮಾಡಿದ ಮುಖ್ಯ ಕೆಲಸವೆಂದರೆ ದಿನ ಎಣಿಸಿದ್ದು. ಯಾವ ದಿನ ಸೀರಮ್ ಚುಚ್ಚಿದೆವು? ಯಾವ ದಿನ ದದ್ದು ಕಾಣಿಸಿತು? ಎಲ್ಲವನ್ನೂ ಬರೆದಿಟ್ಟರು. ಮೊದಲ ಸಲ ಸೀರಮ್ ಪಡೆದವರಲ್ಲಿ ತೊಂದರೆ ಸಾಮಾನ್ಯವಾಗಿ 8ರಿಂದ 12 ದಿನಗಳ ನಂತರ ಬರುತ್ತಿತ್ತು. ಅದೇ ಮಗುವಿಗೆ ಎಷ್ಟೋ ದಿನಗಳ ಮೇಲೆ ಎರಡನೆಯ ಸಲ ಕೊಟ್ಟರೆ? ಕೂಡಲೇ, ಅಥವಾ ಕೆಲವೇ ದಿನಗಳಲ್ಲಿ ಬರುತ್ತಿತ್ತು.

ಯೋಚಿಸಿ ನೋಡಿ. ಸೀರಮ್ ಅದೇ, ಮಗುವೂ ಅದೇ. ಬದಲಾದದ್ದು ಯಾವುದು? ಮಗುವಿನ ದೇಹ! ಅದು ಮೊದಲ ಸಲ ಕುದುರೆಯ ಸೀರಮನ್ನು ಹೊರಗಿನ ವಸ್ತುವೆಂದು ಗುರುತಿಸಿ, ಎದುರಿಸಲು ತಯಾರಾಗಲು ದಿನಗಳನ್ನು ತೆಗೆದುಕೊಂಡಿತ್ತು. ಎರಡನೆಯ ಸಲ ತಯಾರಾಗಿಯೇ ಇತ್ತು. ಅಂದರೆ ತೊಂದರೆಗೆ ಕಾರಣ ಸೀರಮ್ ಒಂದೇ ಅಲ್ಲ, ದೇಹ ಅದಕ್ಕೆ ತೋರುವ ಪ್ರತಿಕ್ರಿಯೆಯೂ ಹೌದು. ರೋಗದಿಂದ ಕಾಪಾಡುವ ವ್ಯವಸ್ಥೆಯೇ ಕೆಲವೊಮ್ಮೆ ನೋವನ್ನೂ ತರುತ್ತದೆ! ಆ ಕಾಲದ ಹಲವು ವಿದ್ವಾಂಸರಿಗೆ ಇದು ವಿಚಿತ್ರವಾಗಿ ಕಂಡಿತು. 1905ರಲ್ಲಿ ಇಬ್ಬರೂ ಸೇರಿ ಈ ಕುರಿತು ಪುಸ್ತಕ ಬರೆದರು. ಮರುವರ್ಷ ಪಿರ್ಕೆ, ಹೀಗೆ ಬದಲಾದ ಪ್ರತಿಕ್ರಿಯೆಗೆ ಒಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅಲ್ಲೋಸ್ ಎಂದರೆ ಬೇರೆ, ಎರ್ಗಾನ್ ಎಂದರೆ ಕೆಲಸ. ಎರಡೂ ಸೇರಿ ಅಲರ್ಜಿ ಆಯಿತು.

ಇಲ್ಲಿ ನಾಯಿಗಳನ್ನು ನೆನೆಯದಿದ್ದರೆ ತಪ್ಪಾದೀತು. ಫ್ರಾನ್ಸಿನ ಚಾರ್ಲ್ಸ್ ರಿಶೆ ಮತ್ತು ಪಾಲ್ ಪೋರ್ತಿಯೆ ಕಡಲಜೀವಿಯೊಂದರ ವಿಷವನ್ನು ನಾಯಿಗಳ ಮೇಲೆ ಪ್ರಯೋಗಿಸುತ್ತಿದ್ದರು. ಅವುಗಳಲ್ಲಿ ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿಯಿತ್ತು. ಮೊದಲ ಸಲ ಅದು ವಿಷವನ್ನು ತಾಳಿಕೊಂಡಿತು. ಕೆಲವು ವಾರಗಳ ನಂತರ ಅಲ್ಪ ಪ್ರಮಾಣ ಕೊಟ್ಟಾಗ ಅರ್ಧ ಗಂಟೆಯೊಳಗೆ ಸತ್ತುಹೋಯಿತು. 1902ರಲ್ಲಿ ಅವರು ಪ್ರಕಟಿಸಿದ ಈ ಶೋಧಕ್ಕಾಗಿ ರಿಶೆ ಅವರಿಗೆ 1913ರಲ್ಲಿ ನೊಬೆಲ್ ಬಹುಮಾನ ಬಂತು. ಪಿರ್ಕೆ ಅವರ ಹೆಸರನ್ನೂ ಹಲವು ಸಲ ಸೂಚಿಸಲಾಗಿತ್ತು, ಆದರೆ ಬಹುಮಾನ ಬರಲೇ ಇಲ್ಲ. ನೆಪ್ಚೂನ್‌ಗೆ ಏನು ಸಿಕ್ಕಿತು ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ದೇಹದ ಪ್ರತಿಕ್ರಿಯೆ ನಮ್ಮ ಉಪಯೋಗಕ್ಕೂ ಬರಬಹುದಲ್ಲವೇ? ಹಿಂದೆ ರಾಬರ್ಟ್ ಕಾಖ್ ಕ್ಷಯರೋಗಕ್ಕೆ ಟ್ಯುಬರ್ಕ್ಯುಲಿನ್ ಎಂಬ ಮದ್ದು ತಯಾರಿಸಿದ್ದರು. ಮದ್ದಾಗಿ ಅದು ಸೋತಿತ್ತು. 1907ರಲ್ಲಿ ಪಿರ್ಕೆ ಅದರ ಒಂದು ಹನಿಯನ್ನು ಮುಂಗೈಯ ಮೇಲಿಟ್ಟು ಚರ್ಮವನ್ನು ಸ್ವಲ್ಪವೇ ಗೀರಿದರು. ಕ್ಷಯದ ರೋಗಾಣು ಮೊದಲೇ ದೇಹವನ್ನು ಹೊಕ್ಕಿದ್ದರೆ ಒಂದೆರಡು ದಿನಗಳಲ್ಲಿ ಅಲ್ಲಿ ಕೆಂಪು ಗಂಟು ಏಳುತ್ತಿತ್ತು. ಸೋತ ಮದ್ದು ಒಳ್ಳೆಯ ಪರೀಕ್ಷೆಯಾಯಿತು! ಇದರ ಸುಧಾರಿತ ರೂಪವನ್ನು ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960ರ ದಶಕದಲ್ಲಿ ಬೆಂಗಳೂರು, ತುಮಕೂರು ಜಿಲ್ಲೆಗಳ ಹಳ್ಳಿಹಳ್ಳಿಗಳಲ್ಲಿ ಬಳಸಿ ಸಮೀಕ್ಷೆ ನಡೆಸಿದರು. ನಿಮ್ಮ ಅಜ್ಜ ಅಜ್ಜಿಯರಲ್ಲಿ ಯಾರಿಗಾದರೂ ನೆನಪಿದೆಯೇ, ಕೇಳಿ ನೋಡಿ.

ಪಿರ್ಕೆ ಸ್ವಲ್ಪ ಕಾಲ ಅಮೆರಿಕದಲ್ಲೂ ಜರ್ಮನಿಯಲ್ಲೂ ಪ್ರಾಧ್ಯಾಪಕರಾಗಿದ್ದು 1911ರಲ್ಲಿ ವಿಯೆನ್ನಾಕ್ಕೆ ಮರಳಿದರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಯುದ್ಧ ಮುಗಿದಾಗ ವಿಯೆನ್ನಾದ ಮಕ್ಕಳು ಹಸಿವಿನಿಂದ ಒಣಗಿಹೋಗಿದ್ದರು. ಅಮೆರಿಕದಿಂದ ನೆರವು ಬಂತು. ಆದರೆ ಇರುವಷ್ಟರಲ್ಲೇ ಯಾರಿಗೆ ಮೊದಲು, ಎಷ್ಟು ಕೊಡುವುದು? ಆ ಹೊಣೆ ಪಿರ್ಕೆ ಅವರದಾಯಿತು. ಅವರು ಮಕ್ಕಳನ್ನು ತೂಗಿದರು, ಕುಳಿತಾಗಿನ ಎತ್ತರವನ್ನು ಅಳೆದರು. ಎರಡರಿಂದ ಒಂದು ಲೆಕ್ಕ ಹಾಕಿ ಯಾವ ಮಗು ಹೆಚ್ಚು ಸೊರಗಿದೆ ಎಂದು ತಿಳಿದುಕೊಂಡರು. ಆಹಾರ ಅಳೆಯಲು ಅವರದೇ ಒಂದು ಮಾನವಿತ್ತು: ಒಂದು ಗ್ರಾಂ ಹಾಲು ಕೊಡುವಷ್ಟು ಶಕ್ತಿಗೆ ಒಂದು ನೆಮ್. ಒಂದು ಗ್ರಾಂ ಸಕ್ಕರೆ ಸುಮಾರು 6 ನೆಮ್. ಈ ಮಾನ ಈಗ ಬಳಕೆಯಲ್ಲಿಲ್ಲ, ಕ್ಯಾಲೊರಿಯೇ ಗೆದ್ದಿತು. ಆದರೆ ಆಗ ಅದರ ಲೆಕ್ಕದಲ್ಲೇ ಲಕ್ಷಾಂತರ ಮಕ್ಕಳಿಗೆ ಊಟ ಬಡಿಸಲಾಯಿತು. 1929ರ ಫೆಬ್ರುವರಿ 28ರಂದು, 54ನೆಯ ವಯಸ್ಸಿನಲ್ಲಿ ಪಿರ್ಕೆ ತೀರಿಕೊಂಡರು.

ಇನ್ನು ನಾಯಿಯ ಕಾಲಿಗೆ ಬರೋಣ. ಪಶ್ಚಿಮ ಬೆಂಗಳೂರನ್ನೇ ನೋಡಿ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಉದ್ಯಾನಗಳಲ್ಲಿ ಹುಲ್ಲು, ಬೀದಿಗಳಲ್ಲಿ ಧೂಳು, ಕೆಂಗೇರಿ ಕಡೆಯ ಖಾಲಿ ನಿವೇಶನಗಳಲ್ಲಿ ಪಾರ್ಥೇನಿಯಂ ಕಳೆ. ನಾಯಿಗೆ ನಮ್ಮಂತೆ ಚಪ್ಪಲಿ ಇಲ್ಲ. ಪರಾಗ, ಧೂಳು ಎಲ್ಲವೂ ನೇರವಾಗಿ ಅಂಗಾಲಿಗೆ, ಬೆರಳ ಸಂದಿಗೆ ಸೇರುತ್ತವೆ. ಅಲರ್ಜಿಯಾದಾಗ ನಮಗೆ ಹೆಚ್ಚಾಗಿ ಸೀನು ಬಂದರೆ, ನಾಯಿಗೆ ಹೆಚ್ಚಾಗಿ ಚರ್ಮದಲ್ಲಿ ತುರಿಕೆ. ಆದ್ದರಿಂದ ಸುತ್ತಾಡಿ ಬಂದ ಕೂಡಲೇ ನಾಲ್ಕೂ ಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ತೊಳೆದ ಮೇಲೆ ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಲೇಬೇಕು. ಒದ್ದೆಯಾಗಿಯೇ ಬಿಟ್ಟರೆ ಅಲ್ಲಿ ಶಿಲೀಂಧ್ರ ಬೆಳೆದು ತುರಿಕೆ ಇನ್ನೂ ಹೆಚ್ಚುತ್ತದೆ. ಉಣ್ಣಿ, ಚಿಗಟ, ಮುಳ್ಳು ಇವೆಯೇ ಎಂದೂ ನೋಡಬೇಕು. ಆದರೆ ಇದೆಲ್ಲ ಮನೆಯ ನಾಯಿಗೆ ಮಾತ್ರ, ದೊಡ್ಡವರು ಜೊತೆಗಿದ್ದಾಗ ಮಾತ್ರ. ಗುರುತಿಲ್ಲದ ಬೀದಿನಾಯಿಯ ಕಾಲು ಮುಟ್ಟಲು ಹೋಗಬೇಡಿ. ನಾಯಿ ಕಚ್ಚಿದರೆ ಅಥವಾ ಪರಚಿದರೆ 15 ನಿಮಿಷ ಸೋಪು ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಬೇಕು.

ಕೆಲವು ನಾಯಿಗಳಿಗೆ ಒಗ್ಗದಿರುವುದು ಆಹಾರ. ಕೋಳಿ, ದನದ ಮಾಂಸ, ಹಾಲು, ಗೋಧಿ, ಇವು ಸಾಮಾನ್ಯವಾಗಿ ಸಿಕ್ಕಿಬೀಳುವ ಅಪರಾಧಿಗಳು. ನಾವು ಪ್ರೀತಿಯಿಂದ ಹಾಕುವ ಹಾಲು-ಬನ್ನು, ಗ್ಲೂಕೋಸ್ ಬಿಸ್ಕತ್ತುಗಳಲ್ಲೂ ಹಾಲು, ಗೋಧಿ ಇರುತ್ತವೆ! ನಿನ್ನೆಯವರೆಗೆ ಒಗ್ಗಿದ್ದು ಇಂದು ಒಗ್ಗದೆ ಹೋಗಬಹುದೇ? ಖಂಡಿತ. ಮೊದಲ ಸಲ ಸುಮ್ಮನಿದ್ದ ದೇಹ ಆಮೇಲೆ ಬದಲಾಗುತ್ತದೆಂದು ಪಿರ್ಕೆ ಕಂಡುಕೊಂಡದ್ದು ನೆನಪಿದೆಯಲ್ಲವೇ?

ಅಪರಾಧಿಯನ್ನು ಹಿಡಿಯುವ ಬಗೆಯೂ ದಿನ ಎಣಿಸುವುದೇ. ಪಶುವೈದ್ಯರ ಸಲಹೆಯಂತೆ, ನಾಯಿ ಹಿಂದೆ ಎಂದೂ ತಿನ್ನದ ಒಂದು ಬಗೆಯ ಮಾಂಸ ಅಥವಾ ಮೀನು, ಒಂದು ಬಗೆಯ ಧಾನ್ಯ, ಇಷ್ಟನ್ನೇ ಸುಮಾರು 8 ವಾರ ಕೊಡಬೇಕು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ಎಂದಿಗೂ ಕೂಡದು, ಅವು ನಾಯಿಗೆ ವಿಷ. ನಡುವೆ ಯಾರಾದರೂ ಒಂದು ಬಿಸ್ಕತ್ತು ಹಾಕಿದರೂ ಲೆಕ್ಕ ಕೆಡುತ್ತದೆ. ಮನೆಯಲ್ಲಿ ಅಜ್ಜಿಯನ್ನು ಒಪ್ಪಿಸುವುದೇ ಕಷ್ಟ! ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ಎಷ್ಟು ಸಲ ಕಾಲು ನೆಕ್ಕಿತು ಎಂದು ಗುರುತು ಹಾಕುತ್ತ ಹೋಗಿ. ನೆಕ್ಕುವುದು ಕಡಿಮೆಯಾಯಿತೇ? ಹಾಗಾದರೆ ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಬೇಕು. ಕೊಟ್ಟ ದಿನಕ್ಕೆ ಒಂದು ಗುರುತು. ಎರಡು ವಾರದೊಳಗೆ ನಾಯಿ ಮೂಲೆಗೆ ಹೋಗಿ ಮತ್ತೆ ಕಾಲು ನೆಕ್ಕತೊಡಗಿದರೆ, ಆ ದಿನಕ್ಕೆ ಇನ್ನೊಂದು ಗುರುತು. ಕ್ಯಾಲೆಂಡರಿನ ಆ ಹಾಳೆಯನ್ನು ಪಶುವೈದ್ಯರಿಗೆ ತೋರಿಸಿ.