ಖಲೀಫರ ಮನೆಯ ಖರ್ಚು



ಅಕ್ಕಿ, ಬೇಳೆ, ಎಣ್ಣೆಗಳ ಬೆಲೆ ಏರಿದಾಗಲೆಲ್ಲ ನಮ್ಮ ಮನೆಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಇನ್ನೂ ನಾಲ್ಕು ಕಾಸು ಎಲ್ಲಿಂದ ಸಂಪಾದಿಸುವುದು? ಇರುವ ಖರ್ಚಿನಲ್ಲಿ ಯಾವುದನ್ನು ಕಡಿಮೆ ಮಾಡುವುದು? ಈ ಎರಡನೆಯ ಪ್ರಶ್ನೆ ಬಂದಾಗ ಕತ್ತರಿ ಮೊದಲು ಯಾರ ಪಾಲಿನ ಮೇಲೆ ಬೀಳುತ್ತದೆಂದು ಗಮನಿಸಿದ್ದೀರಾ? ಮನೆಗೆಲಸದವಳ ಕೂಲಿ, ಬಡ ಸಂಬಂಧಿಕನಿಗೆ ಕೊಡುತ್ತಿದ್ದ ಸಹಾಯ, ಹೆಣ್ಣು ಮಗಳ ಶಾಲೆಯ ಫೀಸು, ಇವು ಮೊದಲು ಹೋಗುತ್ತವೆ. ಯಜಮಾನನ ಸಿಗರೇಟು, ನೆಂಟರ ಮುಂದೆ ಮೆರೆಯಲು ಮಾಡುವ ಔತಣ ಮಾತ್ರ ಹಾಗೆಯೇ ಉಳಿಯುತ್ತವೆ.

ಎರಡನೆಯ ಖಲೀಫ ಹ. ಉಮರ್ ಬಿನ್ ಖತ್ತಾಬ್(ರ)ರ ಶೌರ್ಯ ಮತ್ತು ನ್ಯಾಯದ ಕುರಿತು ನೀವು ಬಹಳಷ್ಟು ಕೇಳಿದ್ದೀರಿ. ಇಂದು ಅವರ ದುಡಿಮೆ ಮತ್ತು ಖರ್ಚಿನ ಕಡೆಗೆ ಸ್ವಲ್ಪ ನೋಡೋಣ.

ಉಮರ್(ರ) ಸುಖದಲ್ಲಿ ಬೆಳೆದವರಲ್ಲ. ಬಾಲ್ಯದಲ್ಲಿ ಮಕ್ಕಾದ ಸಮೀಪದ ದಜ್ನಾನ್ ಎಂಬಲ್ಲಿ ತಂದೆಯ ಒಂಟೆಗಳನ್ನು ಮೇಯಿಸುತ್ತಿದ್ದರು. ತಂದೆ ಖತ್ತಾಬ್ ಬಹಳ ಕಠಿಣ ಸ್ವಭಾವದವನು. ಮುಂದೆ ಖಲೀಫರಾಗಿ ಅದೇ ದಾರಿಯಲ್ಲಿ ಹಾದುಹೋಗುವಾಗ ಅವರು ಆ ದಿನಗಳನ್ನು ನೆನೆದು ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸಿದರು. ಒಂಟೆ ಕಾಯುತ್ತಿದ್ದೆನೆಂದು ಜನರ ಮುಂದೆ ಹೇಳಲು ಅವರಿಗೆ ನಾಚಿಕೆಯೆನಿಸಲಿಲ್ಲ.

ಯೌವನದಲ್ಲಿ ಅವರು ವ್ಯಾಪಾರಕ್ಕಿಳಿದರು. ಮದೀನಕ್ಕೆ ಹಿಜ್ರತ್ ಮಾಡಿದ ಮೇಲೂ ಮಾರುಕಟ್ಟೆಯ ದುಡಿಮೆ ನಿಲ್ಲಲಿಲ್ಲ. ಆಗ ಅವರ ಮನೆ ಮದೀನದ ಹೊರವಲಯದಲ್ಲಿತ್ತು. ಪ್ರವಾದಿವರ್ಯರ(ಸ) ಸನ್ನಿಧಿಯ ಶಿಕ್ಷಣವೂ ಬೇಕು, ಹೊಟ್ಟೆಪಾಡೂ ನಡೆಯಬೇಕು. ಅದಕ್ಕಾಗಿ ಅವರು ಅನ್ಸಾರಿ ನೆರೆಮನೆಯವರೊಬ್ಬರ ಜೊತೆ ಒಂದು ಏರ್ಪಾಡು ಮಾಡಿಕೊಂಡರು. ಒಂದು ದಿನ ಇವರು ಹೋಗಿ ಆ ದಿನ ಅವತೀರ್ಣವಾದ ವಿಷಯಗಳನ್ನು ತಿಳಿದು ಬಂದು ನೆರೆಯವರಿಗೆ ಹೇಳುವರು, ಮರುದಿನ ನೆರೆಯವರು ಹೋಗಿ ಬಂದು ಇವರಿಗೆ ಹೇಳುವರು. ಹೋಗದ ದಿನ ತಮ್ಮ ತಮ್ಮ ಕೆಲಸ. ದುಡಿಮೆಗೆ ಸಮಯವಿಲ್ಲವೆನ್ನುವವರೂ ಧರ್ಮ ಕಲಿಯಲು ಸಮಯವಿಲ್ಲವೆನ್ನುವವರೂ ಈ ಇಬ್ಬರು ನೆರೆಯವರನ್ನು ನೆನೆಯಬೇಕು. ಆದರೂ ಪ್ರವಾದಿವರ್ಯರ(ಸ) ಒಂದು ಆದೇಶ ತಮ್ಮ ಕಿವಿಗೆ ಬಿದ್ದಿರಲಿಲ್ಲವೆಂದು ಬೇರೊಬ್ಬರಿಂದ ತಿಳಿದಾಗ, ಮಾರುಕಟ್ಟೆಯ ವ್ಯವಹಾರವೇ ತಮ್ಮನ್ನು ಅದರಿಂದ ವಂಚಿತಗೊಳಿಸಿತೆಂದು ಅವರು ಮರುಗಿದರು. ಹೆಚ್ಚಿನ ಸಂಪಾದನೆಗೂ ಒಂದು ಬೆಲೆಯಿದೆ ಎಂಬುದನ್ನು ಅವರು ಬಲ್ಲವರಾಗಿದ್ದರು.

ಖೈಬರಿನಲ್ಲಿ ಅವರಿಗೆ ಫಲವತ್ತಾದ ಭೂಮಿ ದೊರೆಯಿತು. ಅದಕ್ಕಿಂತ ಉತ್ತಮ ಆಸ್ತಿ ಅವರಿಗೆ ಎಂದೂ ಸಿಕ್ಕಿರಲಿಲ್ಲ. ಏನು ಮಾಡಲೆಂದು ಅವರು ಪ್ರವಾದಿವರ್ಯರ(ಸ) ಸಲಹೆ ಕೇಳಿದರು. ಆ ಸಲಹೆಯಂತೆ ಭೂಮಿಯನ್ನು ವಕ್ಫ್ ಮಾಡಿದರು. ಅದನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ವಾರೀಸುದಾರರು ಹಂಚಿಕೊಳ್ಳುವಂತಿಲ್ಲ. ಅದರ ಉತ್ಪನ್ನ ಬಡವರಿಗೆ, ಬಂಧುಗಳಿಗೆ, ಪ್ರಯಾಣಿಕರಿಗೆ, ಅತಿಥಿಗಳಿಗೆ. ನೋಡಿಕೊಳ್ಳುವವನು ಮಿತವಾಗಿ ತಿನ್ನಬಹುದು, ಆದರೆ ಅದರಿಂದ ಆಸ್ತಿ ಕೂಡಿಡಬಾರದು. ಮೂಲಧನ ಕರಗದೆ ಫಲ ಮಾತ್ರ ಬಳಕೆಯಾಗುವ ಈ ವಿಧಾನ ಇಂದಿಗೂ ನಮಗೆ ಪಾಠ. ಕಷ್ಟ ಬಂದೊಡನೆ ತೋಟ ಮಾರುವವರು, ಹೊಲಿಗೆ ಯಂತ್ರವನ್ನೂ ಅಡವಿಡುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ!

ಹಿಜರಿ 13ರಲ್ಲಿ (ಕ್ರಿ.ಶ. 634) ಅವರು ಖಲೀಫರಾದರು. ರಾಜ್ಯದ ಕೆಲಸಕ್ಕೆ ಬಿದ್ದಾಗ ಸ್ವಂತ ದುಡಿಮೆಗೆ ಬಿಡುವಿಲ್ಲದೆ ಮನೆಯಲ್ಲಿ ಬಿಕ್ಕಟ್ಟು ತಲೆದೋರಿತು. ಆಗ ಸಹಾಬಿಗಳನ್ನು ಕರೆದು ಬೈತುಲ್ ಮಾಲ್‌ನಿಂದ ತಮಗೆ ಎಷ್ಟು ಸಲ್ಲುತ್ತದೆಂದು ಕೇಳಿದರು. ಬೆಳಗಿನ ಮತ್ತು ಸಂಜೆಯ ಊಟಕ್ಕೆ ಬೇಕಾದಷ್ಟು ಎಂದು ಹ. ಅಲಿ(ರ) ಅಭಿಪ್ರಾಯಪಟ್ಟರು. ಉಮರ್(ರ) ಅದನ್ನೇ ಒಪ್ಪಿಕೊಂಡರು. ಚಳಿಗಾಲಕ್ಕೊಂದು, ಬೇಸಗೆಗೊಂದು ಉಡುಪು, ಹಜ್ಜ್ ಮತ್ತು ಉಮ್ರಾಕ್ಕೆ ಒಂದು ವಾಹನ, ಕುರೈಶರ ಮಧ್ಯಮ ವರ್ಗದ ಮನೆಯೊಂದರ ಆಹಾರ, ಇಷ್ಟೇ ತಮ್ಮ ಹಕ್ಕೆಂದು ಅವರು ಲೆಕ್ಕ ಹಾಕಿದ್ದರು. ಇರಾಕ್, ಸಿರಿಯಾ, ಈಜಿಪ್ಟ್‌ಗಳ ಸಂಪತ್ತು ಮದೀನಕ್ಕೆ ಹರಿದು ಬಂದ ಕಾಲದಲ್ಲೂ ಅವರ ಬಟ್ಟೆಗೆ ತೇಪೆ ಬೀಳುತ್ತಿತ್ತು.

ಹಿಜರಿ 18ರಲ್ಲಿ (ಕ್ರಿ.ಶ. 639) ಅರೇಬಿಯಾದಲ್ಲಿ ಭೀಕರ ಬರ ಬಂತು. ಮಳೆಯಿಲ್ಲದೆ ನೆಲ ಬೂದಿಯ ಬಣ್ಣಕ್ಕೆ ತಿರುಗಿತು. ಇತಿಹಾಸದಲ್ಲಿ ಅದಕ್ಕೆ ಆಮುರ್ರಮಾದ, ಅಂದರೆ ಬೂದಿಯ ವರ್ಷ ಎಂದೇ ಹೆಸರು. ಜಾನುವಾರುಗಳು ಸತ್ತವು, ಮಾರುಕಟ್ಟೆಯಲ್ಲಿ ಬೆಲೆ ಗಗನಕ್ಕೇರಿತು, ಹಳ್ಳಿಗರು ಗುಂಪು ಗುಂಪಾಗಿ ಮದೀನಕ್ಕೆ ಬಂದರು. ಜನರಿಗೆ ತುಪ್ಪ, ಹಾಲು, ಮಾಂಸ ಸಿಗುವವರೆಗೆ ತಾನೂ ಅವುಗಳನ್ನು ಮುಟ್ಟುವುದಿಲ್ಲವೆಂದು ಉಮರ್(ರ) ನಿರ್ಧರಿಸಿದರು. ಬರೀ ಎಣ್ಣೆ ಸೇವಿಸಿ ಅವರ ಮೈಬಣ್ಣ ಕಪ್ಪಾಯಿತು, ಹೊಟ್ಟೆ ಗುಡುಗುಡಿಸತೊಡಗಿತು. ಒಮ್ಮೆ ಮಾರುಕಟ್ಟೆಗೆ ಒಂದಿಷ್ಟು ತುಪ್ಪ ಮತ್ತು ಹಾಲು ಬಂದಾಗ ಅವರ ಸೇವಕ ನಲ್ವತ್ತು ದಿರ್ಹಮ್ ಕೊಟ್ಟು ಖರೀದಿಸಿ ತಂದ. ಬೆಲೆ ವಿಪರೀತವಾಯಿತೆಂದು ಹೇಳಿ ಅದನ್ನೆಲ್ಲ ದಾನ ಮಾಡಿಸಿದರು. ಜನರಿಗೆ ತಟ್ಟಿದ್ದು ತನಗೂ ತಟ್ಟದಿದ್ದರೆ ಅವರ ಸ್ಥಿತಿ ತನಗೆ ಅರಿವಾಗುವುದು ಹೇಗೆಂಬುದು ಅವರ ಪ್ರಶ್ನೆಯಾಗಿತ್ತು.

ಆ ವರ್ಷ ಅವರ ಮಕ್ಕಳಲ್ಲೊಬ್ಬನ ಕೈಯಲ್ಲಿ ಕಲ್ಲಂಗಡಿ ಕಂಡಿತು. ಪ್ರವಾದಿವರ್ಯರ(ಸ) ಸಮುದಾಯ ಹಸಿದಿರುವಾಗ ಖಲೀಫನ ಮಗ ಹಣ್ಣು ತಿನ್ನುವುದೇ ಎಂದು ಉಮರ್(ರ) ಗದರಿದರು. ಹುಡುಗ ಅಳುತ್ತಾ ಓಡಿದ. ವಿಚಾರಿಸಿದಾಗ ಅವನು ಅದನ್ನು ಒಂದು ಹಿಡಿ ಖರ್ಜೂರದ ಬೀಜ ಕೊಟ್ಟು ಕೊಂಡಿದ್ದನೆಂದು ತಿಳಿಯಿತು. ಆಗ ತಂದೆ ಸುಮ್ಮನಾದರು. ಆ ಕಾಲದಲ್ಲಿ ಖರ್ಜೂರದ ಬೀಜವನ್ನು ಪುಡಿ ಮಾಡಿ ಪ್ರಾಣಿಗಳಿಗೆ ಮೇವಾಗಿ ಹಾಕುತ್ತಿದ್ದರು. ನಾವು ಉಗುಳಿ ಎಸೆಯುವ ವಸ್ತುವಿಗೂ ಅಲ್ಲಿ ಬೆಲೆಯಿತ್ತು. ನಿಮ್ಮ ಅಡುಗೆ ಮನೆಯಿಂದ, ಅಂಗಳದಿಂದ ದಿನವೂ ಹೊರಗೆ ಬೀಳುವುದರಲ್ಲಿ ಇಂತಹ ಒಂದು ಹಿಡಿ ಬೀಜವಿದೆಯೇ ಎಂದು ಒಮ್ಮೆ ನೋಡಿ.

ಉಮರ್(ರ) ಬರೀ ಉಪವಾಸವಿದ್ದು ಕುಳಿತವರಲ್ಲ. ರಾಜ್ಯಪಾಲರಿಗೆ ಪತ್ರ ಬರೆದು ಆಹಾರ ತರಿಸಿದರು. ಸಿರಿಯಾದಿಂದ ಹ. ಅಬೂ ಉಬೈದಾ(ರ) ನಾಲ್ಕು ಸಾವಿರ ಒಂಟೆಗಳ ಹೊರೆ ತಂದರು. ತಮ್ಮ ಅಡುಗೆಯಲ್ಲಿ ಉಂಡವರನ್ನು ಉಮರ್(ರ) ಎಣಿಸಿದಾಗ ಒಂದು ರಾತ್ರಿ ಅವರ ಸಂಖ್ಯೆ 7,000 ಇತ್ತೆಂದು ವರದಿಗಳಿವೆ. ಜಾನುವಾರುಗಳ ಝಕಾತ್ ವಸೂಲಿಯನ್ನು ಆ ವರ್ಷ ಮುಂದೂಡಿದರು. ಬರ ಮುಂದುವರಿದರೆ ಪ್ರತಿಯೊಂದು ಮನೆಗೂ ಅಲ್ಲಿರುವಷ್ಟೇ ಮಂದಿ ಹಸಿದವರನ್ನು ಸೇರಿಸುವ ಯೋಚನೆ ಅವರಿಗಿತ್ತು. ಅರೆಹೊಟ್ಟೆಯಿಂದ ಯಾರೂ ಸಾಯುವುದಿಲ್ಲವೆಂಬುದು ಅವರ ಲೆಕ್ಕ. ಕೊನೆಗೆ ಪ್ರವಾದಿವರ್ಯರ(ಸ) ಚಿಕ್ಕಪ್ಪ ಹ. ಅಬ್ಬಾಸ್(ರ)ರನ್ನು ಮುಂದಿಟ್ಟು ಮಳೆಗಾಗಿ ಪ್ರಾರ್ಥಿಸಿದರು. ಮಳೆ ಬಂತು. ಹಳ್ಳಿಗರನ್ನು ದಾರಿಯ ಆಹಾರ ಕೊಟ್ಟು ಊರಿಗೆ ಕಳುಹಿಸಿದರು.

ದುಬಾರಿ ಕಾಲದಲ್ಲಿ ಹೆಚ್ಚಿನ ಲಾಭ ಮಾಡುವ ಸುಲಭ ದಾರಿಗಳು ಆಗಲೂ ಇದ್ದವು. ಧಾನ್ಯ ಕೊಂಡು ಬಚ್ಚಿಟ್ಟು ಬೆಲೆಯೇರಿಸುವವರಿಗೆ ತಮ್ಮ ಮಾರುಕಟ್ಟೆಯಲ್ಲಿ ಜಾಗವಿಲ್ಲವೆಂದು ಅವರು ಸಾರಿದರು. ಆದರೆ ಚಳಿ, ಬಿಸಿಲೆನ್ನದೆ ಹೊರೆ ಹೊತ್ತು ಸರಕು ತರುವ ವ್ಯಾಪಾರಿಯನ್ನು ತಮ್ಮ ಅತಿಥಿಯೆಂದು ಗೌರವಿಸಿದರು. ಹಾಲಿಗೆ ನೀರು ಬೆರೆಸಲು ತಾಯಿ ಹೇಳಿದಾಗ, ಖಲೀಫ ನೋಡದಿದ್ದರೂ ಅಲ್ಲಾಹನು ನೋಡುತ್ತಾನೆಂದು ನಿರಾಕರಿಸಿದ ಹುಡುಗಿಯ ಕಥೆ ನಿಮಗೆ ಗೊತ್ತೇ ಇದೆ. ಅವಳನ್ನು ಅವರು ತಮ್ಮ ಮಗ ಆಸಿಮ್‌ಗೆ ತಂದುಕೊಂಡರು. ಕಲಬೆರಕೆಯ ನಾಲ್ಕು ಕಾಸಿಗಿಂತ ಆ ಹುಡುಗಿಯ ಪ್ರಾಮಾಣಿಕತೆ ಅವರ ಮನೆಗೆ ದೊಡ್ಡ ಸಂಪತ್ತೆನಿಸಿತು.

ಇನ್ನೊಮ್ಮೆ ಹ. ಜಾಬಿರ್(ರ) ಮಾಂಸ ಕೊಂಡು ಹೋಗುತ್ತಿದ್ದರು. ಆಸೆಯಾಯಿತು, ಒಂದು ದಿರ್ಹಮ್‌ಗೆ ಕೊಂಡೆನೆಂದರು. ನೆರೆಯವನಿಗಾಗಿ, ಬಂಧುವಿಗಾಗಿ ಹೊಟ್ಟೆಯನ್ನು ಸ್ವಲ್ಪ ಬಿಗಿಹಿಡಿಯಬಾರದೇ ಎಂದು ಉಮರ್(ರ) ಕೇಳಿದರು. ಮಾಂಸ ನಿಷಿದ್ಧವಲ್ಲ. ಆಸೆಯಾದಾಗಲೆಲ್ಲ ಕೊಳ್ಳುವ ಅಭ್ಯಾಸವನ್ನು ಅವರು ಎಚ್ಚರಿಸಿದರು. ಉಳಿಸಿದ್ದು ಪೆಟ್ಟಿಗೆಗೆ ಹೋಗಲೆಂದೂ ಹೇಳಲಿಲ್ಲ. ಅದರಲ್ಲಿ ನೆರೆಯವನ ಪಾಲನ್ನು ಕಂಡರು. ಜಿಪುಣತನಕ್ಕೂ ಮಿತವ್ಯಯಕ್ಕೂ ಇರುವ ವ್ಯತ್ಯಾಸ ಇದೇ.

ಅಂತಹವರೂ ಸಾಲದಿಂದ ಮುಕ್ತರಾಗಿರಲಿಲ್ಲ. ಅಗತ್ಯ ಬಿದ್ದಾಗ ಬೈತುಲ್ ಮಾಲ್‌ನಿಂದ ಸಾಲ ಪಡೆಯುತ್ತಿದ್ದರು. ಅದರ ಅಧಿಕಾರಿ ಖಲೀಫರೆಂದು ನೋಡದೆ ವಸೂಲಿಗೆ ಬರುತ್ತಿದ್ದರು. ಹಿಜರಿ 23ರಲ್ಲಿ (ಕ್ರಿ.ಶ. 644) ಫಜ್ರ್ ನಮಾಝಿನಲ್ಲಿ ಹಂತಕನ ಇರಿತಕ್ಕೊಳಗಾಗಿ ಮಲಗಿದ್ದಾಗ, ಮಗ ಅಬ್ದುಲ್ಲಾರನ್ನು ಕರೆದು ಸಾಲದ ಲೆಕ್ಕ ಮಾಡಿಸಿದರು. ಸುಮಾರು 86 ಸಾವಿರ ದಿರ್ಹಮ್ ಆಯಿತು. ಮನೆಯ ಆಸ್ತಿಯಿಂದ ತೀರಿಸಬೇಕು, ಸಾಲದಿದ್ದರೆ ಸ್ವಂತ ಗೋತ್ರದವರಲ್ಲಿ, ಅನಂತರ ಕುರೈಶರಲ್ಲಿ ಕೇಳಬೇಕು, ಅವರನ್ನು ದಾಟಿ ಹೋಗಬಾರದು ಎಂದು ಅಪ್ಪಣೆ ಮಾಡಿದರು. ಅಬ್ದುಲ್ಲಾ(ರ) ಆ ಹೊಣೆ ಹೊತ್ತು ತೀರಿಸಿದರು.

ಮದುವೆಯ ಆಡಂಬರಕ್ಕಾಗಿ ಬಡ್ಡಿಗೆ ಹಣ ತಂದು ಅದರ ಲೆಕ್ಕವನ್ನು ಹೆಂಡತಿಗೂ ಹೇಳದವರು ನಮ್ಮಲ್ಲಿದ್ದಾರೆ. ಅವರು ಕಣ್ಮುಚ್ಚಿದ ಮೇಲೆ ಸಾಲಗಾರರು ವಿಧವೆಯ ಬಾಗಿಲಿಗೆ ಬರುತ್ತಾರೆ. ಸಹೋದರರೇ, ಈ ತಿಂಗಳ ಖರ್ಚಿನ ಪಟ್ಟಿಯನ್ನು ಮನೆಯವರೆಲ್ಲ ಕುಳಿತು ಬರೆಯಿರಿ. ಕೊಡಬೇಕಾದ ಸಾಲವನ್ನು ಮೇಲೆ ಬರೆಯಿರಿ. ಕೂಲಿಯವರ ಮತ್ತು ಬಂಧುಗಳ ಪಾಲನ್ನು ಅದರ ಕೆಳಗೆ ಬರೆಯಿರಿ. ಹೊಡೆದು ಹಾಕಲು ಪೆನ್ನು ಎತ್ತಿದಾಗ ಮೊದಲ ಗೆರೆ ನಿಮ್ಮ ಸ್ವಂತ ತುಪ್ಪದ ಮೇಲೆ ಬೀಳಲಿ. ಯಜಮಾನನ ತಟ್ಟೆಯಿಂದ ಆರಂಭವಾದ ಉಳಿತಾಯಕ್ಕೆ ಮನೆಯವರಾರೂ ಗೊಣಗುವುದಿಲ್ಲ. ಅಲ್ಲಾಹನು ನಮ್ಮ ಹಲಾಲ್ ಸಂಪಾದನೆಯಲ್ಲಿ ಬರಕತ್ ನೀಡಲಿ.