ನೆರೆಯವರೊಡನೆ ಬಾಳಿದ ಬಗೆ: ಹರ್ಮನ್ ಮೋಗ್ಲಿಂಗ್ ಅವರ ಜೀವನದಲ್ಲಿ ಕ್ರೈಸ್ತಶೀಲ

೧

ಭೀಮಾನದಿಯ ದಕ್ಷಿಣಕ್ಕಿರುವ ಆಲಮೇಲ, ಸಿಂದಗಿ, ಇಂಡಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿಗಳ ಸೀಮೆ ಬಸವಣ್ಣನವರ ಹುಟ್ಟುನೆಲ. ಶ್ರಾವಣ ಮಾಸದಲ್ಲಿ ಮಠ ಗುಡಿಗಳಲ್ಲಿ ಪುರಾಣ ಹೇಳಿಸುವ ರೂಢಿ ಇಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಹೀಗೆ ಹೇಳಿಸಿ ಕೇಳುವ ಕೃತಿಗಳಲ್ಲಿ ೧೩೬೯ರಲ್ಲಿ ಭೀಮಕವಿ ಭಾಮಿನಿ ಷಟ್ಪದಿಯಲ್ಲಿ ರಚಿಸಿದ ಬಸವಪುರಾಣಕ್ಕೆ ವಿಶೇಷ ಸ್ಥಾನವಿದೆ. ಓಲೆಗರಿಗಳಲ್ಲಿದ್ದ ಈ ಕಾವ್ಯವನ್ನು ಕನ್ನಡ ಮುದ್ರಣದ ಆರಂಭದ ಘಟ್ಟದಲ್ಲಿಯೇ ಅಚ್ಚಿಗೆ ತಂದ ಕೆಲಸ ನಡೆದದ್ದು ಈ ಸೀಮೆಯಿಂದ ಬಹುದೂರದ ಮಂಗಳೂರಿನಲ್ಲಿ. ಅದನ್ನು ಮಾಡಿಸಿದವರು ಜರ್ಮನಿಯಿಂದ ಬಂದ ಕ್ರೈಸ್ತ ಮಿಷನರಿ ಹರ್ಮನ್ ಮೋಗ್ಲಿಂಗ್.

ಮೋಗ್ಲಿಂಗ್ ಅವರ ಹೆಸರು ಕನ್ನಡದ ಮೊದಲ ಪತ್ರಿಕೆಯ ಸಂಪಾದಕರೆಂದು ಸಾಹಿತ್ಯಚರಿತ್ರೆಗಳಲ್ಲಿ ದಾಖಲಾಗಿದೆ. ಆದರೆ ಪತ್ರಿಕೆ, ಗ್ರಂಥಮಾಲೆ, ಶಾಲೆ ಎಂದು ಅವರ ಸಾಧನೆಗಳನ್ನು ಬಿಡಿಬಿಡಿಯಾಗಿ ಎಣಿಸುವ ಕ್ರಮದಲ್ಲಿ ಇವುಗಳ ಹಿಂದಿದ್ದ ಜೀವನದೃಷ್ಟಿ ಮರೆಯಾಗುತ್ತದೆ. ನೆರೆಯವರನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಕ್ರೈಸ್ತ ಉಪದೇಶವನ್ನು ಅವರು ಊಟ, ವಾಸ, ಮಾತು, ಸ್ನೇಹ ಮೊದಲಾದ ದಿನನಿತ್ಯದ ವ್ಯವಹಾರಗಳಲ್ಲಿ ಹೇಗೆ ಆಚರಿಸಿದರು, ಎಲ್ಲಿ ಆ ಆಚರಣೆ ತೊಡಕಿಗೆ ಸಿಲುಕಿತು ಎಂಬುದನ್ನು ಗಮನಿಸಿದಾಗ ಅವರ ಸಾಹಿತ್ಯಸೇವೆಯ ಸ್ವರೂಪವೂ ಸ್ಪಷ್ಟವಾಗುತ್ತದೆ. ಈ ಲೇಖನದಲ್ಲಿ ಆ ದೃಷ್ಟಿಯಿಂದ ಅವರ ಬದುಕನ್ನು ನಿರೂಪಿಸಲಾಗಿದೆ.

೨

ಮೋಗ್ಲಿಂಗ್ ಹುಟ್ಟಿದ್ದು ೧೮೧೧ರ ಮೇ ೨೯ರಂದು, ಜರ್ಮನಿಯ ವ್ಯುರ್ಟೆಂಬೆರ್ಗ್ ಪ್ರಾಂತದ ಬ್ರಾಕನ್‌ಹೈಮ್‌ನಲ್ಲಿ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಓದಿದ ಅವರಿಗೆ ಸ್ವದೇಶದಲ್ಲಿಯೇ ಪಾದ್ರಿಯಾಗಿ ನೆಮ್ಮದಿಯಿಂದ ಇರುವ ಅವಕಾಶವಿತ್ತು. ಅದನ್ನು ಬಿಟ್ಟು ೧೮೩೫ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯನ್ನು ಸೇರಿ, ಮರುವರ್ಷ ಭಾರತಕ್ಕೆ ಬಂದರು. ಸಂಸ್ಥೆಯ ಮೊದಲ ಮೂವರು ಮಿಷನರಿಗಳು ೧೮೩೪ರಲ್ಲಿ ಮಂಗಳೂರಿಗೆ ಬಂದು ನೆಲೆಸಿದ್ದರು. ಹೊಸ ಕಾರ್ಯಕ್ಷೇತ್ರ ಇನ್ನೂ ರೂಪುಗೊಳ್ಳುತ್ತಿದ್ದ ಕಾಲದಲ್ಲಿ ವಿಶ್ವವಿದ್ಯಾಲಯದ ಶಿಕ್ಷಣ ಪಡೆದ ತರುಣ ವಿದ್ವಾಂಸರೊಬ್ಬರು ಬಂದುದು ಕನ್ನಡದ ದೃಷ್ಟಿಯಿಂದ ಮಹತ್ವದ ಸಂಗತಿಯಾಯಿತು.

ಮೊದಲ ವರ್ಷಗಳಲ್ಲಿ ಅವರು ಧಾರವಾಡ, ಹುಬ್ಬಳ್ಳಿಗಳ ಕಡೆಗೂ ಸಂಚರಿಸಿದರು. ಕಾಲಜ್ಞಾನ ಸಾಹಿತ್ಯದಲ್ಲಿ ನಂಬಿಕೆಯಿಟ್ಟು, ಲೋಕವನ್ನು ಉದ್ಧರಿಸುವವನೊಬ್ಬನ ಆಗಮನವನ್ನು ಎದುರುನೋಡುತ್ತಿದ್ದ ಕೆಲವು ಗುಂಪುಗಳು ಮಿಷನರಿಗಳ ಸಂಪರ್ಕಕ್ಕೆ ಬಂದುದು ಈ ಅವಧಿಯಲ್ಲಿಯೇ. ತಮ್ಮ ನಿರೀಕ್ಷೆ ಕ್ರಿಸ್ತನಲ್ಲಿ ಪೂರ್ಣಗೊಳ್ಳುವುದೆಂದು ಅವರು ಒಪ್ಪಿಯಾರೆಂಬ ಆಸೆ ಮಿಷನರಿಗಳಲ್ಲಿ ಚಿಗುರಿತು. ಗದಗಿನ ಸಮೀಪ ಮಳಸಮುದ್ರದಲ್ಲಿ ಅವರಿಗಾಗಿ ಒಂದು ವಸತಿಯನ್ನು ಸ್ಥಾಪಿಸಲಾಯಿತು. ಆ ಆಸೆ ಕೈಗೂಡಲಿಲ್ಲ. ಸೋಲಾದರೂ ಈ ಪ್ರಸಂಗದಿಂದ ಒಂದು ತಿಳಿವಳಿಕೆ ದೊರೆಯಿತು. ಉತ್ತರ ಕರ್ನಾಟಕದ ಸಾಮಾನ್ಯ ಜನರ ಮನಸ್ಸಿನಲ್ಲಿ ವಚನ, ಪುರಾಣ, ಕಾಲಜ್ಞಾನಗಳು ಎಷ್ಟು ಆಳವಾಗಿ ಬೇರೂರಿದ್ದವೆಂಬುದು ಮಿಷನರಿಗಳಿಗೆ ಪ್ರತ್ಯಕ್ಷವಾಯಿತು. ಜನರ ಮಾತನ್ನು ಕೇಳದೆ ಅವರಿಗೆ ಮಾತು ಹೇಳುವುದು ಸಾಧ್ಯವಿಲ್ಲವೆಂಬ ಅರಿವು ಮೋಗ್ಲಿಂಗ್ ಅವರ ಮುಂದಿನ ಎಲ್ಲ ಕೆಲಸಗಳಲ್ಲಿಯೂ ಕಾಣುತ್ತದೆ.

೩

ಮಂಗಳೂರಿನ ವಿದ್ಯಾರ್ಥಿನಿಲಯದ ಹೊಣೆ ಹೊತ್ತ ಮೇಲೆ ಮೋಗ್ಲಿಂಗ್ ಅವರ ಶೀಲ ನಿಜವಾದ ಪರೀಕ್ಷೆಗೆ ಒಳಗಾಯಿತು. ಆ ಕಾಲದ ಯುರೋಪಿಯನ್ನರು ಬಂಗಲೆ, ಮೇಜು, ಸೇವಕರ ಸಾಲು ಇವುಗಳಿಂದ ಸ್ಥಳೀಯರೊಡನೆ ಅಂತರವನ್ನು ಕಾಯ್ದುಕೊಳ್ಳುತ್ತಿದ್ದರು. ಮಿಷನರಿಗಳೂ ಈ ರೂಢಿಗೆ ಪೂರ್ತಿ ಹೊರತಾಗಿರಲಿಲ್ಲ. ಮೋಗ್ಲಿಂಗ್ ತಮ್ಮ ಹುಡುಗರೊಡನೆಯೇ ವಾಸಿಸಿ, ಅವರು ಉಣ್ಣುವುದನ್ನೇ ಅವರಂತೆಯೇ ಕುಳಿತು ಉಂಡರು. ಬೇರೆ ಬೇರೆ ಜಾತಿಗಳಿಂದ ಬಂದ ಮಕ್ಕಳು ಒಂದೇ ಪಂಕ್ತಿಯಲ್ಲಿ ಕೂಡುತ್ತಿದ್ದ ಆ ಮನೆಯಲ್ಲಿ ಗುರುವಿಗೆ ಪ್ರತ್ಯೇಕ ಪಂಕ್ತಿ ಇರಲಿಲ್ಲ.

ಈ ಸಹವಾಸವನ್ನು ಕೇವಲ ಸರಳತೆಯ ಪ್ರದರ್ಶನವೆಂದು ತಿಳಿಯಬಾರದು. ದಿನವಿಡೀ ಹುಡುಗರ ನಡುವೆ ಇದ್ದುದರಿಂದ ಮೋಗ್ಲಿಂಗ್ ಅವರಿಗೆ ಪುಸ್ತಕದ ಕನ್ನಡದ ಜೊತೆಗೆ ಆಡುನುಡಿಯ ಕನ್ನಡವೂ ಕೈವಶವಾಯಿತು. ಗಾದೆಗಳನ್ನು ಸಂಗ್ರಹಿಸುವ ಅವರ ಆಸಕ್ತಿಯನ್ನು ಈ ನಿತ್ಯ ಬಳಕೆಯಿಂದ ಬೇರ್ಪಡಿಸಿ ನೋಡಲಾಗದು. ೧೮೪೭ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ದೇವಶಾಸ್ತ್ರದ ಪಾಠಶಾಲೆ ರೂಪುಗೊಂಡಾಗಲೂ ಸ್ಥಳೀಯರೇ ಸ್ಥಳೀಯ ಸಭೆಗಳನ್ನು ನಡೆಸುವಂತಾಗಬೇಕೆಂಬ ಆಶಯ ಅದರ ಹಿಂದೆ ಇತ್ತು.

ಇದೇ ಸಹವಾಸ ದೊಡ್ಡದೊಂದು ಕ್ಷೋಭೆಗೂ ಕಾರಣವಾಯಿತು. ಅವರ ಶಿಷ್ಯರಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರು ಒಬ್ಬರು. ೧೮೪೪ರ ಜನವರಿ ೬ರಂದು ಆನಂದರಾಯರು ದೀಕ್ಷಾಸ್ನಾನ ಪಡೆದಾಗ ಮಂಗಳೂರು ತಲ್ಲಣಗೊಂಡಿತು. ತರುಣನೊಬ್ಬನ ಮತಾಂತರದಿಂದ ತಂದೆತಾಯಿಗಳಿಗೂ ಬಂಧುಗಳಿಗೂ ಆದ ನೋವು ನಿಜವಾದದ್ದು. ಮೋಗ್ಲಿಂಗ್ ಅವರ ಪ್ರೀತಿಯೂ ನಿಜವಾದದ್ದೇ. ಒಬ್ಬರಿಗೆ ತೋರಿದ ಪ್ರೀತಿ ಮತ್ತೊಬ್ಬರಿಗೆ ಅಗಲಿಕೆಯಾಗಿ ಪರಿಣಮಿಸಿದ ಈ ಸನ್ನಿವೇಶದಲ್ಲಿ ಅವರ ಕ್ರೈಸ್ತಶೀಲದ ಮಿತಿಯೂ ಕಾಣುತ್ತದೆ. ತಮ್ಮ ಶ್ರದ್ಧೆಯೇ ಅಂತಿಮ ಸತ್ಯವೆಂಬ ನಂಬಿಕೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಆದರೆ ಮತಾಂತರದ ಬಳಿಕ ಶಿಷ್ಯನನ್ನು ಅಧೀನ ಸೇವಕನನ್ನಾಗಿ ಇರಿಸಿಕೊಳ್ಳಲಿಲ್ಲ. ಆನಂದರಾಯರು ಬಾಸೆಲ್‌ಗೆ ಹೋಗಿ ೧೮೪೬ರಿಂದ ೧೮೫೧ರವರೆಗೆ ಯುರೋಪಿನ ಅಭ್ಯರ್ಥಿಗಳ ಜೊತೆಯಲ್ಲಿಯೇ ಅಭ್ಯಾಸ ಮಾಡಿದರು. ಗುರುದೀಕ್ಷೆ ಪಡೆದು ಮರಳಿ, ಮೋಗ್ಲಿಂಗ್ ಅವರ ಸಹೋದ್ಯೋಗಿಯಾದರು.

೪

ಈ ತೊಡಕಿನ ವರ್ಷಗಳಲ್ಲಿಯೇ ಮೋಗ್ಲಿಂಗ್ ಅಚ್ಚಿನ ಕೆಲಸಕ್ಕೂ ಕೈಹಾಕಿದ್ದರು. ಮಂಗಳೂರಿನಲ್ಲಿ ೧೮೪೧ರಲ್ಲಿ ಬಾಸೆಲ್ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಗಿತ್ತು. ೧೮೪೩ರ ಜುಲೈ ೧ರಂದು ಅಲ್ಲಿಂದ ಮಂಗಳೂರ ಸಮಾಚಾರ ಎಂಬ ಪಾಕ್ಷಿಕ ಪತ್ರಿಕೆ ಹೊರಬಿತ್ತು. ನಾಲ್ಕು ಪುಟಗಳ ಆ ಪತ್ರಿಕೆಯಲ್ಲಿ ಊರಿನ ವರ್ತಮಾನ, ಸರ್ಕಾರದ ಕಾಯಿದೆಗಳು, ಹೊರನಾಡಿನ ಸುದ್ದಿ, ಕಥೆ, ಗಾದೆ, ದಾಸರ ಪದಗಳು ಇರುತ್ತಿದ್ದವು. ಆಳುವವರ ಆಜ್ಞೆ ಆಳಿಸಿಕೊಳ್ಳುವವರಿಗೆ ಅವರದೇ ಭಾಷೆಯಲ್ಲಿ ತಿಳಿಯಬೇಕೆಂಬ ಉದ್ದೇಶ ಇಲ್ಲಿ ಗಮನಾರ್ಹ. ಸುದ್ದಿ ತಿಳಿಯದೆ ಗಾಳಿಮಾತನ್ನು ನಂಬಿ ಕಷ್ಟಕ್ಕೆ ಒಳಗಾಗುವ ಜನರಿಗೆ ಇದು ಒಂದು ಉಪಕಾರವೇ ಆಗಿತ್ತು. ಮಂಗಳೂರಿನಲ್ಲಿ ಅದರ ಕೊನೆಯ ಸಂಚಿಕೆ ೧೮೪೪ರ ಫೆಬ್ರವರಿ ೧೫ರಂದು ಪ್ರಕಟವಾಯಿತು. ಬಳಿಕ ಪತ್ರಿಕೆ ಕನ್ನಡ ಸಮಾಚಾರ ಎಂಬ ಹೆಸರಿನಿಂದ ಬಳ್ಳಾರಿಯಲ್ಲಿ ಅಚ್ಚಾಯಿತು. ಮೊದಲ ಸಂಚಿಕೆಯ ದಿನವಾದ ಜುಲೈ ೧ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವನ್ನಾಗಿ ಆಚರಿಸಲಾಗುತ್ತಿದೆ.

ಪತ್ರಿಕೆಗಿಂತಲೂ ದೀರ್ಘ ಪರಿಣಾಮದ ಕೆಲಸ ಬಿಬ್ಲಿಯೋಥಿಕಾ ಕರ್ನಾಟಿಕಾ ಗ್ರಂಥಮಾಲೆ. ನಿವೃತ್ತ ಬ್ರಿಟಿಷ್ ಅಧಿಕಾರಿ ಕಾಸಾಮೇಜರ್ ಅವರ ಧನಸಹಾಯ ಹಾಗೂ ಸಹೋದ್ಯೋಗಿ ಗಾಟ್‌ಫ್ರೀಡ್ ವೈಗ್ಲೆ ಅವರ ಸಹಕಾರದಿಂದ ೧೮೪೮ರಿಂದ ೧೮೫೩ರ ಅವಧಿಯಲ್ಲಿ ಈ ಮಾಲೆ ಪ್ರಕಟವಾಯಿತು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ಚನ್ನಬಸವಪುರಾಣ, ದಾಸರ ಪದಗಳು ಇದರಲ್ಲಿ ಸೇರಿದವು. ವೈಷ್ಣವ, ವೀರಶೈವ ಎಂಬ ಭೇದವನ್ನು ಸಂಪಾದಕರು ಎಣಿಸಲಿಲ್ಲ. ೧೮೫೦ರಲ್ಲಿ ಬಂದ ದಾಸರ ಪದಗಳ ಸಂಕಲನವು ಅದುವರೆಗೆ ಹಾಡುವವರ ಬಾಯಿಯಲ್ಲಿಯೂ ಕೈಬರಹದ ಹೊತ್ತಗೆಗಳಲ್ಲಿಯೂ ಇದ್ದ ಪದಗಳನ್ನು ಅಚ್ಚಿನ ಲೋಕಕ್ಕೆ ತಂದಿತು.

ಈ ಕಾರ್ಯದ ಉದ್ದೇಶ ಶುದ್ಧ ಸಾಹಿತ್ಯಪ್ರೇಮವೇ ಆಗಿತ್ತೆಂದು ಹೇಳಲಾಗದು. ಜನರ ನಂಬಿಕೆಗಳನ್ನು ಅರಿತರೆ ಸುವಾರ್ತೆಯನ್ನು ಸಾರುವುದು ಸುಲಭವೆಂಬ ಮಿಷನ್ನಿನ ಲೆಕ್ಕಾಚಾರವೂ ಅದರಲ್ಲಿ ಇತ್ತು. ಅದೇ ಮುದ್ರಣಾಲಯದಿಂದ ಹಿಂದೂ ಆಚರಣೆಗಳನ್ನು ಖಂಡಿಸುವ ಕರಪತ್ರಗಳೂ ಹೊರಬಂದವು. ಹಾಗಿದ್ದರೂ ಕಾವ್ಯಗಳನ್ನು ಪ್ರಕಟಿಸುವಾಗ ಮೋಗ್ಲಿಂಗ್ ಅವುಗಳೊಳಗೆ ತಮ್ಮ ಮತದ ಮಾತನ್ನು ತುರುಕಲಿಲ್ಲ. ತಾವು ಒಪ್ಪದ ದೇವತೆಗಳ ಸ್ತುತಿಯನ್ನೂ ತಮಗೆ ಸಮ್ಮತವಲ್ಲದ ಪವಾಡಗಳನ್ನೂ ಕಾವ್ಯದಲ್ಲಿ ಇದ್ದಂತೆಯೇ ಕಲ್ಲಿನ ಮೇಲೆ ಬರೆಯಿಸಿದರು. ಕಲ್ಲಚ್ಚಿನಲ್ಲಿ ಪ್ರತಿಯೊಂದು ಪುಟವನ್ನೂ ಲಿಪಿಕಾರನು ಕೈಯಿಂದ ಬರೆದು ಕಲ್ಲಿಗೆ ಇಳಿಸಬೇಕು. ಸಾವಿರಾರು ಷಟ್ಪದಿಗಳನ್ನು ಹೀಗೆ ಬರೆಯಿಸಿ ತಿದ್ದುವುದು ಅಪಾರ ತಾಳ್ಮೆಯನ್ನು ಬೇಡುವ ಕೆಲಸ. ಆಧುನಿಕ ಗ್ರಂಥಸಂಪಾದನಾಶಾಸ್ತ್ರದ ಅಳತೆಗೋಲಿನಿಂದ ನೋಡಿದರೆ ಈ ಆವೃತ್ತಿಗಳಲ್ಲಿ ಕೊರತೆಗಳು ಕಾಣುವುದು ಸಹಜ. ಆದರೆ ಅನ್ಯರ ಪವಿತ್ರ ಗ್ರಂಥವನ್ನು ಅವರು ಗುರುತಿಸಿ ಓದಬಲ್ಲ ರೂಪದಲ್ಲಿಯೇ ಅವರ ಕೈಗೆ ಮರಳಿಸಿದ ಪ್ರಾಮಾಣಿಕತೆ ಈ ಕೊರತೆಗಳಿಂದ ಕುಂದುವುದಿಲ್ಲ. ಸಹಪಂಕ್ತಿಯಲ್ಲಿ ಉಂಡವರು ನೆರೆಯವರ ಗ್ರಂಥವನ್ನೂ ಗೌರವದಿಂದ ಮುಟ್ಟಿದರು. ೧೮೫೮ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಮೋಗ್ಲಿಂಗ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

೫

ಸುಮಾರು ಹದಿನಾರು ವರ್ಷಗಳ ದುಡಿಮೆಯ ಬಳಿಕ, ೧೮೫೨ರ ಕೊನೆಗೆ ಮೋಗ್ಲಿಂಗ್ ಸ್ವದೇಶಕ್ಕೆ ಮರಳಲು ಸಿದ್ಧರಾಗಿದ್ದರು. ಆ ವೇಳೆಗೆ ಕೊಡಗಿನ ಅಲಮಂಡ ಸೋಮಯ್ಯ ಅವರನ್ನು ಕಂಡು ಕ್ರೈಸ್ತಧರ್ಮದಲ್ಲಿ ಆಸಕ್ತಿ ತೋರಿದರು. ಮೋಗ್ಲಿಂಗ್ ಹೊರಡುವ ಯೋಚನೆಯನ್ನು ಕೈಬಿಟ್ಟರು. ಒಬ್ಬ ವ್ಯಕ್ತಿಗಾಗಿ, ಸಂಸ್ಥೆಯ ಯೋಜನೆಯಲ್ಲಿ ಇಲ್ಲದ ಹೊಸ ಪ್ರದೇಶಕ್ಕೆ ನಡೆದ ಅವರ ನಿರ್ಧಾರ ಸಂಸ್ಥೆಯ ಶಿಸ್ತಿಗಿಂತ ವ್ಯಕ್ತಿಸಂಬಂಧಕ್ಕೆ ಅವರು ಕೊಟ್ಟ ಬೆಲೆಯನ್ನು ತೋರಿಸುತ್ತದೆ.

ಬ್ರಿಟಿಷರು ೧೮೩೪ರಲ್ಲಿ ಕೊಡಗನ್ನು ವಶಪಡಿಸಿಕೊಂಡಿದ್ದರು. ಅಲ್ಲಿನ ಚರಿತ್ರೆ, ಜನಜೀವನಗಳನ್ನು ಕುರಿತು ಮೋಗ್ಲಿಂಗ್ ಇಂಗ್ಲಿಷಿನಲ್ಲಿ ಬರೆದ ಕೂರ್ಗ್ ಮೆಮಾಯರ್ಸ್ ೧೮೫೫ರಲ್ಲಿ ಪ್ರಕಟವಾಯಿತು. ಅವರ ಗಮನವನ್ನು ಹೆಚ್ಚಾಗಿ ಸೆಳೆದವರು ಭೂಮಾಲೀಕರ ಹೊಲಗದ್ದೆಗಳಲ್ಲಿ ಜೀತಕ್ಕೆ ಬಿದ್ದಿದ್ದ ಹೊಲೆಯ ಸಮುದಾಯದವರು. ಗುಲಾಮಗಿರಿಗೆ ಕಾನೂನಿನ ಮನ್ನಣೆಯನ್ನು ೧೮೪೩ರ ಕಾಯಿದೆ ತೆಗೆದುಹಾಕಿತ್ತು. ಆದರೂ ಜೀತದ ಕಟ್ಟು ವ್ಯವಹಾರದಲ್ಲಿ ಸಡಿಲವಾಗಿರಲಿಲ್ಲ. ಇವರಿಗೆ ಸ್ವಂತ ನೆಲೆಯೂ ದುಡಿಮೆಯೂ ಇರಬೇಕೆಂದು ೧೮೫೦ರ ದಶಕದ ಉತ್ತರಾರ್ಧದಲ್ಲಿ ಒಂದು ಹೊಸ ವಸತಿ ನಿರ್ಮಾಣವಾಯಿತು. ಕಾಫಿಯ ಬೇಸಾಯ ಅದರ ಆಸರೆ. ಆ ಊರಿಗೆ ಆನಂದಪುರವೆಂಬ ಹೆಸರು ಬಂದುದು ಆನಂದರಾವ್ ಕೌಂಡಿನ್ಯರಿಂದ. ವಸತಿಗೆ ತಮ್ಮ ಹೆಸರಿನ ಬದಲು ಶಿಷ್ಯನ ಹೆಸರು ನಿಂತುದು ಮೋಗ್ಲಿಂಗ್ ಅವರಿಗೆ ಒಪ್ಪುವಂತಹುದೇ. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದವರೊಬ್ಬರು ಹೊಲೆಯರ ನಡುವೆ ನೆಲೆಸಿ ದುಡಿದುದು ಹತ್ತೊಂಬತ್ತನೆಯ ಶತಮಾನದ ಕರ್ನಾಟಕದ ಸಾಮಾಜಿಕ ಚರಿತ್ರೆಯಲ್ಲಿ ಅಪರೂಪದ ನಿದರ್ಶನ.

೬

ಗ್ರಂಥಮಾಲೆಯ ಕೆಲಸದಲ್ಲಿ ಹೆಗಲು ಕೊಟ್ಟಿದ್ದ ವೈಗ್ಲೆ ೧೮೫೫ರಲ್ಲಿ ತೀರಿಕೊಂಡರು. ಅವರ ಪತ್ನಿ ಪೌಲಿನಾ ಅವರನ್ನು ಮೋಗ್ಲಿಂಗ್ ವಿವಾಹವಾಗಿ, ಆಕೆಯ ಮಕ್ಕಳಿಗೆ ತಂದೆಯಾದರು. ಪತ್ನಿಯ ಅನಾರೋಗ್ಯದ ಕಾರಣದಿಂದ ೧೮೬೦ರಲ್ಲಿ ಭಾರತವನ್ನು ಬಿಡಬೇಕಾಯಿತು. ಕೊಡಗಿನ ಕೆಲಸ ಇನ್ನೂ ಎಳೆಯದಾಗಿದ್ದಾಗ ಕುಟುಂಬದ ಕರ್ತವ್ಯವನ್ನು ಅವರು ಮುಂದಿಟ್ಟರು. ಮತ್ತೆ ಕನ್ನಡ ನಾಡಿಗೆ ಮರಳುವುದು ಸಾಧ್ಯವಾಗಲಿಲ್ಲ.

ದೂರವಾದರೂ ಕನ್ನಡದ ನಂಟು ಕಡಿಯಲಿಲ್ಲ. ದಾಸರ ಪದಗಳನ್ನೂ ಜೈಮಿನಿ ಭಾರತದ ಭಾಗಗಳನ್ನೂ ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿನ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದರು. ತಮಗಿಂತ ಇಪ್ಪತ್ತೊಂದು ವರ್ಷ ಕಿರಿಯರಾದ ಫರ್ಡಿನಾಂಡ್ ಕಿಟೆಲ್ ಅವರ ನಿಘಂಟುಕಾರ್ಯಕ್ಕೆ ಬೆಂಬಲವಾಗಿ ನಿಂತರು. ೧೮೯೪ರಲ್ಲಿ ಮಂಗಳೂರಿನಲ್ಲಿ ಹೊರಬಂದ ಆ ಮಹಾನಿಘಂಟನ್ನು ನೋಡಲು ಅವರು ಉಳಿದಿರಲಿಲ್ಲ. ೧೮೮೧ರ ಮೇ ೧೦ರಂದು ಎಸ್ಲಿಂಗೆನ್ ಪಟ್ಟಣದಲ್ಲಿ ಅವರ ಜೀವನ ಮುಗಿಯಿತು.

ಮೋಗ್ಲಿಂಗ್ ತೀರಿಕೊಂಡ ವರ್ಷದ ಅಕ್ಟೋಬರಿನಲ್ಲಿಯೇ ಧಾರವಾಡದಲ್ಲಿ ಉತ್ತಂಗಿ ಚನ್ನಪ್ಪನವರು ಜನಿಸಿದರು. ಬಾಸೆಲ್ ಮಿಷನ್ನಿನ ಪರಂಪರೆಯಲ್ಲಿ ಬೆಳೆದು ಪಾದ್ರಿಯಾದ ಚನ್ನಪ್ಪನವರು ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ ೧೯೨೪ರಲ್ಲಿ ಪ್ರಕಟಿಸಿದರು. ವಚನಸಾಹಿತ್ಯದ ಶೋಧಕ್ಕೂ ಬದುಕನ್ನು ತೆತ್ತರು. ಆಲಮೇಲದ ಬಳಿ ಭೀಮೆಯನ್ನು ದಾಟಿದರೆ ಸಿಗುವ ಕಲಬುರಗಿಯ ಸೀಮೆಯಲ್ಲಿ, ಕಲಬುರಗಿ ನಗರದಲ್ಲಿಯೇ, ೧೯೪೯ರಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಬಸವಪುರಾಣವನ್ನು ಅಚ್ಚಿಗೆ ತಂದ ವಿದೇಶೀ ಪಾದ್ರಿಯಿಂದ ವಚನಗಳನ್ನು ತಮ್ಮದೆಂದೇ ಓದಿದ ಕನ್ನಡದ ಪಾದ್ರಿಯವರೆಗೆ ಸಾಗಿಬಂದ ಈ ದಾರಿಯಲ್ಲಿ ಧರ್ಮನಿಷ್ಠೆಯೂ ನೆರೆಯವರ ಮೇಲಿನ ಆದರವೂ ಒಟ್ಟಿಗೆ ನಡೆದಿವೆ, ಆಗಾಗ ಒಂದನ್ನೊಂದು ತಡೆದೂ ಇವೆ. ಕನ್ನಡ ಕ್ರೈಸ್ತ ಸಾಹಿತ್ಯದ ಅಧ್ಯಯನವು ಮುದ್ರಿತ ಕೃತಿಗಳ ಪಟ್ಟಿಗೆ ನಿಲ್ಲದೆ, ಆ ಕೃತಿಗಳನ್ನು ರೂಪಿಸಿದ ದೈನಂದಿನ ಸಂಬಂಧಗಳನ್ನೂ ಪರಿಶೀಲಿಸಬೇಕಾದ ಅಗತ್ಯ ಮೋಗ್ಲಿಂಗ್ ಅವರ ಜೀವನದಿಂದ ಮನದಟ್ಟಾಗುತ್ತದೆ.