ಪಂಜದ ಹೆಸರು ಹೊತ್ತ ಮಾಸ್ತರರು



ನವೆಂಬರ್ 2ರಂದು ನಾವೆಲ್ಲ ನಮ್ಮ ಹಿರಿಯರ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತೇವೆ. ತೀರಿಹೋದ ತಂದೆತಾಯಿಯನ್ನು, ಅಜ್ಜ ಅಜ್ಜಿಯನ್ನು ನೆನೆಯುತ್ತೇವೆ. ಆದರೆ ಅಕ್ಷರ ಕಲಿಸಿ, ಬೆನ್ನು ತಟ್ಟಿ ದಾರಿ ತೋರಿದ ಗುರುವನ್ನು ನೆನೆಯುವವರು ಎಷ್ಟು ಮಂದಿ? ಹಾಗೆ ನೆನೆಯಬೇಕಾದ ಒಬ್ಬ ಗುರುವಿನ ಕಥೆ ಇದು. ಅವರ ಹೆಸರಿನಲ್ಲೇ ನಮ್ಮ ಸುಳ್ಯ ಸೀಮೆಯ ಊರೊಂದಿದೆ. ಅವರೇ ಪಂಜೆ ಮಂಗೇಶರಾಯರು.

ಅವರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ಬಂಟ್ವಾಳದಲ್ಲಿ. ಮನೆತನದ ಮೂಲ ಮಾತ್ರ ಸುಬ್ರಹ್ಮಣ್ಯದ ಸಮೀಪದ ಪಂಜ. ಮನೆತುಂಬ ಮಕ್ಕಳು, ಕೈಯಲ್ಲಿ ಹಣ ಕಡಿಮೆ. ತಂದೆ ರಾಮಪ್ಪಯ್ಯನವರು ತೀರಿಕೊಂಡಾಗ ಮಂಗೇಶರಾಯರಿನ್ನೂ ಎಳೆಯ ತರುಣ. ಸಂಸಾರದ ಹೊರೆ ಹೊತ್ತುಕೊಂಡೇ ಅವರು ಓದು ಮುಂದುವರಿಸಿದರು. 1896ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಮುಂದೆ ಶಾಲೆಗಳ ಇನ್ಸ್‌ಪೆಕ್ಟರರಾದರು, ಕೊಡಗಿನಲ್ಲಿ ಹೆಡ್ಮಾಸ್ತರರಾದರು. ಅಲ್ಲಿದ್ದಾಗ ಅವರು ಬರೆದ ಹುತ್ತರಿ ಹಾಡನ್ನು ಕೊಡಗಿನವರು ಇಂದಿಗೂ ತಮ್ಮದೆಂದೇ ಹಾಡುತ್ತಾರೆ.

ಅವರ ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಬರೆದದ್ದು ಕನ್ನಡ. ನಮ್ಮಲ್ಲಿ ಹಲವರ ಮನೆಯ ಕಥೆಯೂ ಇದೇ ಅಲ್ಲವೇ? ಮೂರು ಭಾಷೆಗಳ ನಡುವೆ ಬೆಳೆದ ಅವರಿಗೆ ಮಕ್ಕಳ ನಾಲಿಗೆಗೆ ಯಾವ ಮಾತು ಹಗುರ, ಯಾವುದು ಭಾರ ಎಂಬುದು ಚೆನ್ನಾಗಿ ತಿಳಿದಿತ್ತು. ಆ ಕಾಲದ ಮಕ್ಕಳು ಅರ್ಥವಾಗದ ಪದ್ಯಗಳನ್ನು ಬಾಯಿಪಾಠ ಮಾಡಬೇಕಿತ್ತು. ಪಂಜೆಯವರು ಹಾವಿನ ಮೇಲೆ, ಸಂತೆಯ ಮೇಲೆ, ಮೂಡುವ ಸೂರ್ಯನ ಮೇಲೆ ಹಾಡು ಕಟ್ಟಿಕೊಟ್ಟರು. ಬಾಸೆಲ್ ಮಿಷನ್ನಿನ ಪಾಠಪುಸ್ತಕಗಳ ಮೂಲಕ ಅವರ ಹಾಡು, ಕಥೆಗಳು ಹಳ್ಳಿ ಹಳ್ಳಿಯ ಶಾಲೆಗಳನ್ನು ಮುಟ್ಟಿದವು. 1921ರಲ್ಲಿ ಮಕ್ಕಳ ಪುಸ್ತಕಗಳಿಗೆಂದೇ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಆರಂಭಿಸಿದರು.

ಪುತ್ತೂರು, ಸುಳ್ಯ, ಕಡಬದವರಾದ ನಮಗೆ ಅವರ ಇನ್ನೊಂದು ಋಣವೂ ಇದೆ. ಪುತ್ತೂರಿನ ಪಡುಮಲೆಯಲ್ಲಿ ಬೆಳೆದು, ಪಂಜಕ್ಕೆ ಬಂದು, ಎಣ್ಮೂರಿನ ಕಾಳಗದಲ್ಲಿ ಪ್ರಾಣ ಬಿಟ್ಟ ಅವಳಿ ವೀರರು ಕೋಟಿ ಚೆನ್ನಯರು. ನಾಟಿಯ ಗದ್ದೆಯಲ್ಲಿ ಹೆಂಗಸರು ತುಳುವಿನಲ್ಲಿ ಹಾಡುತ್ತಿದ್ದ ಈ ಕಥೆಯನ್ನು ಪಂಜೆಯವರು ಕನ್ನಡದಲ್ಲಿ ಬರೆದು, ಘಟ್ಟದ ಮೇಲಿನವರೂ ಓದುವಂತೆ ಮಾಡಿದರು.

ಇಷ್ಟೆಲ್ಲ ಮಾಡಿದವರು ತಮಗಿಟ್ಟುಕೊಂಡ ಹೆಸರು ಏನು ಗೊತ್ತೇ? ಕವಿಶಿಷ್ಯ. ಗುರುವಾದ ಮೇಲೂ ಅವರು ಶಿಷ್ಯರಾಗಿಯೇ ಉಳಿದರು. ಜರ್ಮನಿಯಿಂದ ಬಂದು ಕನ್ನಡಕ್ಕೆ ನಿಘಂಟು ಕೊಟ್ಟ ಪಾದ್ರಿ ಕಿಟೆಲರು 1903ರಲ್ಲಿ ತೀರಿಕೊಂಡಿದ್ದರು. ಅವರು ಸಂಪಾದಿಸಿದ್ದ ಹಳಗನ್ನಡ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣವನ್ನು ಪಂಜೆಯವರು ಪರಿಷ್ಕರಿಸಿದರು. ಅದು 1920ರಲ್ಲಿ ಮತ್ತೆ ಅಚ್ಚಾಯಿತು. ಅಗಲಿದ ಹಿರಿಯರಿಗೆ ಸಲ್ಲಿಸುವ ಗೌರವವೆಂದರೆ ಅವರ ಕೆಲಸವನ್ನು ಮುಂದುವರಿಸುವುದೇ ತಾನೇ?

ಅವರ ಶಿಷ್ಯರಲ್ಲಿ ಒಬ್ಬರು ಮಂಜೇಶ್ವರದ ಗೋವಿಂದ ಪೈಗಳು. ಕ್ರಿಸ್ತರ ಕೊನೆಯ ದಿನವನ್ನು ಗೊಲ್ಗೊಥಾ ಎಂಬ ಕನ್ನಡ ಕಾವ್ಯವಾಗಿಸಿದವರು ಅವರೇ. ಗುರುಗಳು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರೆ, ಶಿಷ್ಯರು 1951ರಲ್ಲಿ ಮುಂಬಯಿಯಲ್ಲಿ ಅದೇ ಪೀಠವನ್ನೇರಿದರು. ಅದನ್ನು ನೋಡಲು ಗುರುಗಳು ಇರಲಿಲ್ಲ. 1937ರ ಅಕ್ಟೋಬರಿನಲ್ಲಿ, ಅರುವತ್ತಮೂರರ ಪ್ರಾಯದಲ್ಲಿ, ಪಂಜೆಯವರು ಹುಟ್ಟೂರಿನಿಂದ ಬಹುದೂರದ ಹೈದರಾಬಾದಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಿದ್ದರು.

ಪಂಜೆಯವರು ಉಳಿದಿರುವುದು ಮಕ್ಕಳ ನಾಲಿಗೆಯಲ್ಲಿ. ಆ ನಾಲಿಗೆಗೆ ಇಂದು ಕನ್ನಡದ ಹಾಡು ಅಪರಿಚಿತವಾಗುತ್ತಿದೆ. ಮನೆಯಲ್ಲಿ ಕಥೆ ಹೇಳುವವರಿಗೆ ಪುರುಸೊತ್ತಿಲ್ಲ. ಕೇಳುವವರ ಕೈಯಲ್ಲಿ ಮೊಬೈಲಿದೆ. ಗುರುವೊಬ್ಬರು ಎರಡನೆಯ ಸಲ ಸಾಯುವುದು ಹೀಗೆ. ಅದನ್ನು ತಡೆಯುವುದು ಕಷ್ಟದ ಕೆಲಸವೇನಲ್ಲ. ಇವತ್ತು ರಾತ್ರಿ ಜಪಸರ ಮುಗಿದ ಮೇಲೆ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಕಲಿತ ಒಂದು ಹಾಡನ್ನೋ ಕಥೆಯನ್ನೋ ಅವರಿಗೆ ಹೇಳಿಕೊಡಿ. ನಿಮಗೆ ಅದನ್ನು ಕಲಿಸಿದವರ ಹೆಸರನ್ನೂ ಹೇಳಿ.